ಲಿಂಗ ಮುಟ್ಟಿ ಕೊಟ್ಟ ಉತ್ತರ

೧೯೨೪ನೆಯ ಇಸವಿ ಮಾರ್ಚ್ ಹತ್ತು, ಸೋಮವಾರ. ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಬೆಳಗಿನ ಹತ್ತಕ್ಕೇ ಬಿಸಿಗಾಳಿ ಎದ್ದಿತ್ತು. ಮುನ್ಸೀಫ್ ಕೋರ್ಟಿನ ಬೇವಿನ ನೆರಳಿನಲ್ಲಿ, ಪಕ್ಷಗಾರರ ನಡುವೆ, ಹಿರೇಸೊಗಲ ಮಠದ ಪೂಜ್ಯ ಶ್ರೀ ನಿರುಪಾಧಿ ಸ್ವಾಮಿಗಳು ಬರಿ ನೆಲದ ಮೇಲೆ ಕುಳಿತಿದ್ದರು.

ಪ್ಲೇಗಿನ ವರ್ಷ ಹಿರಿಯ ಗುರುಗಳು ದಾಸೋಹಕ್ಕೆಂದು ನೂರು ಚೀಲ ಜೋಳ ಕಡ ತಂದಿದ್ದರು, ತೀರಿಸಲಿಲ್ಲ ಎಂದು ವ್ಯಾಪಾರಿ ಅಡವೆಪ್ಪ ಮುಂಡರಗಿಯವರು ದಾವೆ ಹೂಡಿದ್ದರು. ಆ ಗುರುಗಳು ಈಗ ಲಿಂಗೈಕ್ಯರು. ಸೋತರೆ ಮಠದ ಒಂದೇ ಹೊಲ ಜಪ್ತಿಯಾಗಿ, ದಿನದ ದಾಸೋಹ ನಿಲ್ಲುತ್ತಿತ್ತು.

ಮಠದ ವಕೀಲರು ಮಧುಸೂದನರಾವ್ ಕಟ್ಟಿ. ಸ್ವಾಮಿಗಳೆಂದರೆ ಗೇಲಿ ಮಾಡಿ ನಗುವವರು, ಗೆಲ್ಲುವುದೆಂದರೆ ಪ್ರಾಣ. ಸಾಲಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ ಎಂದು ಮಠದ ಹಿರಿಯರನ್ನೆಲ್ಲ ವಿಚಾರಿಸಿ ಖಚಿತಪಡಿಸಿಕೊಂಡಿದ್ದರು. ಸ್ವಾಮಿಗಳನ್ನೇ ಕೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಒಳಗಿನಿಂದ ಕೂಗು ಬಂತು; ಸ್ವಾಮಿಗಳೂ ಎದ್ದು ಒಳಗೆ ಹೋದರು. ಕಟ್ಟಿಯವರು ಉತ್ತರ ಕೊಡಲು ಏಳುವಷ್ಟರಲ್ಲಿ ಅಡವೆಪ್ಪನವರೇ ಎದ್ದು ಸ್ವಾಮಿಗಳತ್ತ ಕೈಮಾಡಿದರು.

“ಸಾಹೇಬ್ರ, ವಕೀಲರ ಮಾತು ಬ್ಯಾಡ್ರಿ. ಅಜ್ಜಾರು ಲಿಂಗ ಮುಟ್ಟಿ ಸಾಲ ಇಲ್ಲ ಅನ್ಲಿ, ದಾವಾ ಇಲ್ಲೇ ಬಿಡ್ತೀನಿ!”

ಅಂಥ ಪ್ರಮಾಣಕ್ಕೆ ಆಗಿನ ಕಾನೂನಿನಲ್ಲಿ ಎಡೆಯಿತ್ತು. ಹೊರಗಿದ್ದ ಜನ ಬಾಗಿಲಿಗೆ ಮುಗಿಬಿದ್ದರು. ಕಟ್ಟಿಯವರ ಲೆಕ್ಕದಲ್ಲಿ ದಾವೆ ಗೆದ್ದಂತೆಯೇ! ಸ್ವಾಮಿಗಳತ್ತ ಬಾಗಿ, “ನಮಗೆ ಗೊತ್ತಿದ್ದಂಗ ಸಾಲ ಇಲ್ಲ ಅನ್ರಿ ಅಜ್ಜಾರ, ಮುಗೀತು” ಎಂದು ಪಿಸುಗುಟ್ಟಿದರು.

ಸ್ವಾಮಿಗಳು ಕೊರಳಲ್ಲಿದ್ದ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅಂಗೈಯಲ್ಲಿರಿಸಿಕೊಂಡರು. ಪಂಖಾ ಎಳೆಯುವವನೂ ಹಗ್ಗ ಬಿಟ್ಟು ನಿಂತ.

“ಆಗ ನಾವು ಮಠದ ಅಡಿಗಿಯವರು. ನೂರೂ ಚೀಲ ಇಳಿಸಿಕೊಂಡವರು ನಾವ. ಸಾಲ ಖರೇ.”

ಕೋರ್ಟು ಹೋ ಎಂದಿತು. ಕಟ್ಟಿಯವರು ತಮ್ಮ ಕಾಗದಗಳನ್ನು ಮಡಿಚಿಟ್ಟರು.

“ಅಜ್ಜಾರ, ಹೊಲಾ ಹೋತಲ್ರೀ!” ಎಂದು ಯಾರೋ ಭಕ್ತರು ಕೂಗಿದರು.

“ಜೋಳಿಗಿ ಐತಲ್ಲ” ಎಂದರು ಸ್ವಾಮಿಗಳು.

ಅಡವೆಪ್ಪನವರು ಯುಗಾದಿಯವರೆಗೆ ಗಡುವು ಕೊಟ್ಟರು. ಅಂದು ಸಂಜೆಯೇ ಸ್ವಾಮಿಗಳು ಭಿಕ್ಷೆಗೆ ಹೊರಟರು. ಮೊದಲ ಮನೆಯ ಹೊಸ್ತಿಲಲ್ಲಿ ಮೊರ ತುಂಬ ಜೋಳ ಹಿಡಿದು ನಿಂತಿದ್ದವರು ಕಟ್ಟಿಯವರು. ಮರುದಿನದಿಂದ ಕೋಟು ಬಿಚ್ಚಿಟ್ಟು, ಬರಿಗಾಲಲ್ಲಿ, ಜೋಳದ ಬಂಡಿಯ ಹಿಂದೆ ಕಣದಿಂದ ಕಣಕ್ಕೆ ಅಲೆದರು. ಬಿಸಿಲಿನ ಪೆಟ್ಟಿಗೆ ಜ್ವರ ಹತ್ತಿ ಹಾಸಿಗೆ ಹಿಡಿದಾಗ ಇನ್ನೂ ಹದಿನೈದು ಚೀಲ ಬರುವುದಿತ್ತು.

ಯುಗಾದಿಯ ದಿನ ಅಡವೆಪ್ಪನವರೇ ನೋಡಲು ಬಂದರು. ಕಟ್ಟಿಯವರು ಎದ್ದು ಕುಳಿತು, “ತೀರಿತೇನ್ರಿ?” ಎಂದರು.

“ನೂರೂ ಬಂದ್ವು ರಾಯರ. ಬಡ್ಡಿ ಮಾತ್ರ ಒಲ್ಲೆ ಅಂದೆ. ಅಜ್ಜಾರು ನಕ್ಕು, ‘ಇದು ಬಡ್ಡಿ ಅಲ್ಲಪಾ, ದಾಸೋಹದ ಪ್ರಸಾದ’ ಅಂತ ಮತ್ತೊಂದು ಚೀಲ ಇಳಿಸಿದ್ರು. ಪ್ರಸಾದ ಒಲ್ಲೆ ಅನ್ನಾಕ ಬರತೈತೇನ್ರಿ? ನೂರಾ ಒಂದು ಕೊಟ್ಟರ್ರೀ ರಾಯರ, ನೂರಾ ಒಂದು!”