ಆರನೆಯ ಪೆಟ್ಟು

“ಗುರುಗಳೇ, ಗಂಟೆ ಹೊಡೆದ ಮೇಲೆ ಬಂದವರಿಗೂ ಬಾಗಿಲು ತೆಗೆಯುವುದಾದರೆ, ಗಂಟೆಯನ್ನಾದರೂ ಯಾಕೆ ಹೊಡೆಯಬೇಕು?”

ಕೇಳಿದವನು ಗುರುಸಿದ್ಧ. ಮಠದ ದಾಸೋಹದ ಹೊಣೆ ಅವನದು. ಮಧ್ಯಾಹ್ನ ಊಟಕ್ಕೆ ಮೂರು ಸಲ ಗಂಟೆ ಹೊಡೆಯುತ್ತಾರೆ. ಮೂರನೆಯದು ಮುಗಿದೊಡನೆ ಬಾಗಿಲು ಹಾಕುವುದು ಮಠದ ಪದ್ಧತಿ. ಹಿಂದಿನ ದಿನ ಅವನು ಬಾಗಿಲು ಹಾಕಿ ಅಗುಳಿ ಜಡಿದ ಮೇಲೆ ಬಳೆ ಮಾರುವ ಮುದುಕನೊಬ್ಬ ಬಂದು ಬಾಗಿಲು ತಟ್ಟಿದ್ದ. ಹೆಗಲ ಮೇಲೆ ಬಳೆಯ ಮಲಾರ, ಕೈಯಲ್ಲಿ ಕೋಲು. ಹೊತ್ತು ಮೀರಿತು, ಸಂಜೆಗೆ ಬನ್ನಿ ಎಂದು ಗುರುಸಿದ್ಧ ಒಳಗಿನಿಂದಲೇ ಹೇಳಿದ್ದ. ಮುದುಕ ಕೋಲೂರಿಕೊಂಡು ಹೊರಟುಹೋಗಿದ್ದ. ಅದನ್ನು ಹಿಡಿದುಕೊಂಡು ಮಠದವರೆಲ್ಲ ತನ್ನನ್ನು ಕಟುಕನ ಹಾಗೆ ನೋಡುತ್ತಿದ್ದಾರೆ ಎಂಬುದು ಅವನ ಸಂಕಟ. ತಾನು ಒಂದು ಗಳಿಗೆಯೂ ಹಿಂದೆ ಮುಂದೆ ಮಾಡಿದವನಲ್ಲ. ಹಾಗಿದ್ದ ಮೇಲೆ ತಪ್ಪು ಯಾರದು?

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. ಕೂತುಕೋ, ನಿನ್ನಂಥವನೇ ಒಬ್ಬನ ಕತೆ ಇದೆ, ಎಂದು ಶುರುಮಾಡಿದರು.

ಹೊಳೆಯ ದಂಡೆಯಲ್ಲಿ ಒಂದು ಊರು. ಊರಿಗೆ ಆಗಷ್ಟೇ ಮುನಿಸಿಪಾಲಿಟಿ ಬಂದು ನಾಲ್ಕೈದು ವರ್ಷವಾಗಿತ್ತು. ನಮ್ಮ ತಾತಂದಿರ ಕಾಲ ಅನ್ನು. ಹನ್ನೆರಡು ಜನ ಸದಸ್ಯರು. ಅವರಲ್ಲಿ ಕಪನಯ್ಯನವರು ಎಂಬವರು ಒಬ್ಬರು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಭೂಮಿ ಅಳೆದು ನಿವೃತ್ತರಾದವರು. ಅಳತೆ ಒಂದನ್ನು ಬಿಟ್ಟರೆ ಅವರಿಗೆ ಬೇರೆ ದೇವರಿರಲಿಲ್ಲ. ಊರಿನಲ್ಲಿ ಜೇಬುಗಡಿಯಾರ ಇದ್ದದ್ದು ಐದಾರು ಜನರ ಹತ್ತಿರ. ಅದರಲ್ಲಿ ಸರಿಯಾಗಿ ನಡೆಯುತ್ತಿದ್ದದ್ದು ಅವರದೊಂದೇ. ಒಳ್ಳೆಯ ಮನುಷ್ಯರೇ. ಆದರೆ ನಿನ್ನ ಹಾಗೆ ಮೂಗಿನ ನೇರಕ್ಕೆ ನಡೆಯುವವರು.

ಮುನಿಸಿಪಲ್ ಕಚೇರಿಯ ಮೇಲೆ ಒಂದು ಗೋಪುರ, ಅದರಲ್ಲೊಂದು ಕಂಚಿನ ಗಂಟೆ. ಬೆಳಿಗ್ಗೆ ಐದರಿಂದ ಸಂಜೆ ಆರರವರೆಗೆ ತಾಸು ತಾಸಿಗೆ ಗಂಟೆ ಹೊಡೆಯಲು ಹುಚ್ಚಯ್ಯನೆಂಬ ಜವಾನನಿದ್ದ. ವಯಸ್ಸಾದವನು, ಮಾತು ಕಡಿಮೆ. ಬೆಳಗಿನ ಆರು ಗಂಟೆಗೆ ಊರಿನ ಬೀದಿ ಗುಡಿಸುವ ಹೆಂಗಸರು ಕಚೇರಿಯ ಗೇಟಿನೊಳಗೆ ಬಂದು ಮೇಸ್ತ್ರಿಯ ಹತ್ತಿರ ಹಾಜರಿ ಹಾಕಿಸಬೇಕು. ಆರನೆಯ ಪೆಟ್ಟು ಬೀಳುವುದರೊಳಗೆ ಬಂದವರು ಹಾಜರು. ಬಿದ್ದ ಮೇಲೆ ಬಂದವರು ಗೈರುಹಾಜರು. ತಿಂಗಳಲ್ಲಿ ಮೂರು ಸಲ ಗೈರುಹಾಜರಾದರೆ ಹೆಸರು ಹೊಡೆದು ಬೇರೊಬ್ಬರನ್ನು ಸೇರಿಸಿಕೊಳ್ಳುವುದು. ಇದು ಸಭೆ ಕೂತು ಮಾಡಿದ ನಿಯಮ.

ಒಂದು ದಿನ ಸಭೆಯ ಮುಂದೆ ಮೂರು ವಿಷಯ ಬಂದವು. ದೊಡ್ಡಿಗೆ ಕೂಡಿದ ಕತ್ತೆ ಯಾರದು ಎಂಬುದು ಒಂದು. ಪೇಟೆಬೀದಿಯ ಚರಂಡಿ ಎಡಗಡೆ ತೋಡುವುದೋ ಬಲಗಡೆಯೋ ಎಂಬುದು ಇನ್ನೊಂದು. ಮೂರನೆಯದು ವಕೀಲರೊಬ್ಬರ ಅರ್ಜಿ. ಬೆಳಿಗ್ಗೆ ತಾವು ಹಾಸಿಗೆಯಲ್ಲಿ ಮಲಗಿಯೇ ಗಂಟೆ ಎಣಿಸುತ್ತೇವೆ. ಐದು ಹೊಡೆದು ನಿಲ್ಲುತ್ತದೆ. ಇನ್ನೂ ಐದು ಗಂಟೆ ತಾನೇ ಎಂದು ಮಗ್ಗುಲು ಬದಲಿಸಿ ನಿದ್ದೆ ಹತ್ತುವ ಹೊತ್ತಿಗೆ ಆರನೆಯದು ಬೀಳುತ್ತದೆ. ಇದು ಯಾವ ಸೀಮೆಯ ಗಂಟೆ ಎಂದು ಅವರು ಬರೆದಿದ್ದರು. ಸದಸ್ಯರು ನಕ್ಕರು. ಕಪನಯ್ಯನವರು ನಗಲಿಲ್ಲ. ನಾನು ನೋಡುತ್ತೇನೆ ಎಂದರು.

ಹದಿನೈದು ದಿನ ಅವರು ತಮ್ಮ ಮನೆಯ ಜಗಲಿಯಲ್ಲಿ ಗಡಿಯಾರ ಹಿಡಿದು ಕೂತು ಗಂಟೆ ಅಳೆದರು. ಏಳು, ಎಂಟು, ಹತ್ತು, ಯಾವುದರಲ್ಲೂ ದೋಷವಿಲ್ಲ. ದೋಷವಿದ್ದದ್ದು ಬೆಳಗಿನ ಆರರಲ್ಲಿ ಮಾತ್ರ, ಅದೂ ಐದನೆಯ ಪೆಟ್ಟಿಗೂ ಆರನೆಯ ಪೆಟ್ಟಿಗೂ ನಡುವೆ. ಇನ್ನೂ ವಿಚಿತ್ರವೆಂದರೆ ಆ ಅಂತರ ಬೆಳೆಯುತ್ತಿತ್ತು. ಮೊದಲ ದಿನ ಒಂದು ನಿಮಿಷ. ಒಂದು ವಾರದ ಮೇಲೆ ಒಂದೂವರೆ. ಪಕ್ಷ ಕಳೆಯುವಷ್ಟರಲ್ಲಿ ಎರಡು ದಾಟಿತು. ಕಪನಯ್ಯನವರು ತಲೆ ಕೆರೆದುಕೊಂಡರು. ಗಂಟೆ ಕೆಡಬಹುದು, ಹೀಗೆ ದಿನಕ್ಕಿಷ್ಟು ಎಂದು ಲೆಕ್ಕ ಹಾಕಿ ಕೆಡುವುದುಂಟೇ? ಕೊನೆಗೆ, ಮುದುಕ ತೂಕಡಿಸುತ್ತಾನೆ, ದಿನೇ ದಿನೇ ಅವನ ತೂಕಡಿಕೆ ಹೆಚ್ಚುತ್ತಿದೆ ಎಂದು ತೀರ್ಮಾನಿಸಿದರು. ಸಭೆಯಲ್ಲಿ ಅದನ್ನೇ ಹೇಳಿದರು. ಹಾಗಾದರೆ ಹುಚ್ಚಯ್ಯನನ್ನು ಕೆಲಸದಿಂದ ಬಿಡಿಸಿಬಿಡೋಣ ಎಂದರು ಕೆಲವರು. ಪ್ರೆಸಿಡೆಂಟರು ಸ್ವಲ್ಪ ತಾಳ್ಮೆಯವರು. ಒಂದು ಸಲ ನೀವೇ ಮೇಲೆ ಹತ್ತಿ ಕಣ್ಣಾರೆ ನೋಡಿಬನ್ನಿ, ಮುಂದಿನ ಸಭೆಯಲ್ಲಿ ವರದಿ ಕೊಡಿ, ನೀವು ಹೇಳಿದ ಹಾಗೆ ಮಾಡೋಣ, ಎಂದು ಕಪನಯ್ಯನವರಿಗೇ ಬಿಟ್ಟರು.

ಮಾರನೆಯ ಬೆಳಿಗ್ಗೆ ಕಪನಯ್ಯನವರು ಏದುಸಿರು ಬಿಡುತ್ತಾ ಗೋಪುರದ ಮೆಟ್ಟಿಲು ಹತ್ತಿದರು. ಹುಚ್ಚಯ್ಯ ಎದ್ದು ನಿಂತಿದ್ದ. ಕಣ್ಣಿನಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ. ಆದರೂ ಇವರು ಬಿಡಲಿಲ್ಲ. ಗಂಟೆ ಹೊಡೆಯುವ ಕೊಡತಿಯನ್ನು ಅವನ ಕೈಯಿಂದ ತೆಗೆದುಕೊಂಡು, ಇವತ್ತು ನಾನು ಹೊಡೆಯುತ್ತೇನೆ, ಆರು ಗಂಟೆ ಹೊಡೆಯುವುದು ಹೇಗೆ ಎಂದು ನೋಡಿ ಕಲಿತುಕೋ ಎಂದರು. ಮುದುಕ ಪಕ್ಕಕ್ಕೆ ಸರಿದ.

ಕಪನಯ್ಯನವರು ಎಡಗೈಯಲ್ಲಿ ಗಡಿಯಾರ ಹಿಡಿದರು. ಮುಳ್ಳು ಆರಕ್ಕೆ ಬಂತು. ಒಂದು ಹೊಡೆದರು. ಎರಡು, ಮೂರು, ನಾಲ್ಕು, ಐದು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆರನೆಯದಕ್ಕೆ ಕೈ ಎತ್ತಿದರು.

ಆಗ ಹುಚ್ಚಯ್ಯ ಬಾಯಿ ಬಿಟ್ಟ. “ಬುದ್ಧೀ, ಗಡಿಯಾರ ಆಮೇಲೆ ನೋಡೀರಂತೆ. ಒಂದು ಸಲ ಹೊಳೆ ಕಡೆ ನೋಡಿ.”

ಎತ್ತಿದ ಕೈ ಎತ್ತಿದ ಹಾಗೆಯೇ ಕಪನಯ್ಯನವರು ತಿರುಗಿ ನೋಡಿದರು. ಗೋಪುರದ ಮೇಲಿನಿಂದ ಹೊಳೆ ಕಾಣುತ್ತಿತ್ತು. ಬೆಳಕು ಹರಿಯದೆ ಅಂಬಿಗ ಹರಿಗೋಲು ಬಿಡುವುದಿಲ್ಲ. ಆಚೆ ದಂಡೆಯ ಕೇರಿಯ ಹೆಂಗಸರೆಲ್ಲ ಮೊದಲನೆಯ ಹರಿಗೋಲಿನಲ್ಲಿ ಬಂದು ಮರಳಿನ ಮೇಲೆ ಓಡಿಕೊಂಡೇ ಗೇಟು ಸೇರುತ್ತಿದ್ದರು. ಅವತ್ತೂ ಎಲ್ಲರೂ ಸೇರಿದ್ದರು. ಹಿಂದೆ ಉಳಿದವಳು ಒಬ್ಬಳೇ. ಅವಳು ಓಡುತ್ತಿರಲಿಲ್ಲ. ಓಡುವ ಹಾಗಿರಲಿಲ್ಲ. ಎಂಟು ತಿಂಗಳ ಬಸುರಿ. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಪೊರಕೆ.

ಹುಚ್ಚಯ್ಯ ಮೆಲ್ಲಗೆ ವಿಷಯ ಹೇಳಿದ. ಅವಳ ಹೆಸರು ಚಿಕ್ಕತಾಯಿ. ಗಂಡ ಹೋದ ವೈಶಾಖದಲ್ಲಿ ತೀರಿಕೊಂಡ. ಮನೆಯಲ್ಲಿ ಅತ್ತೆ, ಇವಳು, ಇಬ್ಬರೇ. ಮಗು ಹುಟ್ಟಿದ ದಿನದಿಂದ ಮೂರು ತಿಂಗಳು ಅವಳ ಬದಲಿಗೆ ಅತ್ತೆ ಬಂದು ಗುಡಿಸಬಹುದು. ಅದೂ ಮುನಿಸಿಪಾಲಿಟಿಯ ನಿಯಮವೇ. ಆದರೆ ಆ ದಿನ ಅವಳ ಹೆಸರು ಪುಸ್ತಕದಲ್ಲಿರಬೇಕು. ಈ ತಿಂಗಳು ಆಗಲೇ ಎರಡು ಗೈರುಹಾಜರಿ ಆಗಿವೆ. ಒಂದು ದಿನ ಮಂಜು ಕವಿದು ಹರಿಗೋಲು ಬಿಟ್ಟಿರಲಿಲ್ಲ. ಇನ್ನೊಂದು ದಿನ ಹುಚ್ಚಯ್ಯನಿಗೇ ಜ್ವರ ಬಂದು ಬೇರೆಯವನು ಗಂಟೆ ಹೊಡೆದಿದ್ದ. ಇನ್ನೊಂದಾದರೆ ಅವಳ ಹೆಸರು ಹೋಯಿತು.

ಅಳತೆಯ ಕಪನಯ್ಯನವರಿಗೆ ಆಗ ತಮ್ಮ ಅಳತೆಯ ಗುಟ್ಟು ತಿಳಿಯಿತು. ದಿನದಿಂದ ದಿನಕ್ಕೆ ಬೆಳೆಯುತ್ತಿದ್ದದ್ದು ಮುದುಕನ ತೂಕಡಿಕೆಯಲ್ಲ. ಅವರ ಮನೆಯಲ್ಲೂ ಹೆರಿಗೆಗೆಂದು ಬಂದ ಮಗಳಿದ್ದಳು. ಅವಳು ಒಂದು ಚೊಂಬು ನೀರು ಎತ್ತಿದರೆ ಇವರು ಮನೆಯೆಲ್ಲ ರಂಪ ಮಾಡಿಬಿಡುತ್ತಿದ್ದರು. ಅದೆಲ್ಲ ಅವರಿಗೆ ಈಗ ನೆನಪಾಯಿತು.

ಚಿಕ್ಕತಾಯಿ ನಡುದಾರಿಯಲ್ಲಿ ನಿಂತಳು. ಮೊಳಕಾಲಿಗೆ ಕೈ ಊರಿ ಉಸಿರು ತೆಗೆದುಕೊಂಡಳು. ಮತ್ತೆ ನಡೆದಳು. ಕಪನಯ್ಯನವರ ತೋಳು ಸೋತುಬಂತು. ಕೊಡತಿ ಹಗುರದ್ದೇನಲ್ಲ. ಇಳಿಸಿದರೆ ಎಲ್ಲಿ ಗಂಟೆಗೆ ತಗಲುತ್ತದೋ ಎಂದು ಹೆದರಿ ಹಾಗೆಯೇ ಹಿಡಿದುಕೊಂಡರು. ಬಾ ತಾಯಿ, ನಿಧಾನವಾಗಿ ಬಾ, ಎಂದು ತಮಗೆ ತಾವೇ ಹೇಳಿಕೊಂಡರಂತೆ. ಕೆಳಗೆ ಮೇಸ್ತ್ರಿ ಸೀಸದಕಡ್ಡಿ ಹಿಡಿದು ಸುಮ್ಮನೆ ನಿಂತಿದ್ದ. ಅವನಿಗೆ ಗೊತ್ತಿರಲಿಲ್ಲವೇ ಅಂತೀಯಾ? ಚೆನ್ನಾಗಿ ಗೊತ್ತಿತ್ತು. ಆರನೆಯದು ಬೀಳದೆ ಅವನು ಪುಸ್ತಕ ಮುಚ್ಚುವ ಹಾಗಿರಲಿಲ್ಲ, ಅಷ್ಟೆ.

ಅವಳು ಗೇಟು ದಾಟಿದಳು. ಕಪನಯ್ಯನವರು ಆರನೆಯ ಪೆಟ್ಟು ಹೊಡೆದರು. ಎಷ್ಟು ಹೊತ್ತಾಯಿತು ಎಂದು ನೋಡುವುದು ಅವರಿಗೆ ಮರೆತೇಹೋಯಿತು.

ಕೆಳಗೆ ಚಿಕ್ಕತಾಯಿ ಪೊರಕೆ ಕೆಳಗಿಟ್ಟು ಗೋಪುರದ ಕಡೆ ಕೈ ಮುಗಿದಳು. ಮೇಲೆ ಯಾರೋ ತನಗಾಗಿ ಕಾಯುತ್ತಾರೆಂದು ಅವಳಿಗೆ ತಿಳಿಯದು. ಸದ್ಯ, ಇವತ್ತೂ ಗಂಟೆ ಸಿಕ್ಕಿತು ಎಂದು ದಿನವೂ ಹಾಗೆ ಕೈ ಮುಗಿಯುವುದು ಅವಳ ವಾಡಿಕೆ. ಅವಳಿಗೆ ಹೇಳಬೇಡ ಎಂದು ಕಪನಯ್ಯನವರು ಹುಚ್ಚಯ್ಯನಿಗೆ ತಾಕೀತು ಮಾಡಿ, ಕೊಡತಿಯನ್ನು ಅವನ ಕೈಗೆ ಕೊಟ್ಟು ಇಳಿದುಹೋದರು.

ಮುಂದಿನ ಸಭೆಯಲ್ಲಿ ವರದಿ ಕೇಳಿದರು. ಗಂಟೆಯಲ್ಲಿ ದೋಷವಿಲ್ಲ, ಹೊಡೆಯುವವನಲ್ಲೂ ಇಲ್ಲ ಎಂದರು ಕಪನಯ್ಯನವರು. ಹಾಗಾದರೆ ತಡವಾಗುವುದು ಏಕೆ ಎಂದು ಪ್ರೆಸಿಡೆಂಟರು ಕೇಳಿದರು.

“ಅದು ಇನ್ನೊಂದು ತಿಂಗಳಿಗೆ ತಾನಾಗಿಯೇ ಸರಿಹೋಗುತ್ತದೆ. ನಾನು ಅಳೆದಿದ್ದೇನೆ, ನಂಬಿ.”

ಕಪನಯ್ಯನವರ ಅಳತೆಯನ್ನು ಪ್ರಶ್ನಿಸುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಸಭೆ ಒಪ್ಪಿತು. ಐದು ಹೊಡೆದೊಡನೆ ಮಗ್ಗುಲು ಬದಲಿಸದೆ ಸ್ವಲ್ಪ ತಾಳಬೇಕೆಂದು ವಕೀಲರಿಗೆ ಕಾಗದ ಹೋಯಿತು. ಆಮೇಲೆ ಸಭೆ ಮತ್ತೆ ಕತ್ತೆಯ ವಿಷಯ ಎತ್ತಿಕೊಂಡಿತು.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಆರೂ ಪೆಟ್ಟು ಒಂದೇ ಸಮನೆ ಬಿದ್ದವು. ಜಗಲಿಯಲ್ಲಿ ಕೂತಿದ್ದ ಕಪನಯ್ಯನವರು ಅದನ್ನು ಕೇಳಿ ದಡಬಡ ಎದ್ದು ಚಪ್ಪಲಿ ಮೆಟ್ಟದೆ ಕಚೇರಿಗೆ ನಡೆದರು. ಗೇಟಿನಲ್ಲಿ ಚಿಕ್ಕತಾಯಿಯ ಅತ್ತೆ ಪೊರಕೆ ಹಿಡಿದು ನಿಂತಿದ್ದಳು. ಏನು ಕೂಸು ಎಂದು ಕೇಳಿದರು. ಹೆಣ್ಣು ಎಂದಳು. ಎಷ್ಟು ಹೊತ್ತಿಗೆ ಹುಟ್ಟಿತು ಎಂದು ಕೇಳಿ, ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು. ಯಾವ ಹೊತ್ತೋ ಬುದ್ಧಿ, ನಾವು ನೋಡಲಿಲ್ಲ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದಳು ಅತ್ತೆ. ಕಪನಯ್ಯನವರು ಕೈ ಹೊರಗೆ ತೆಗೆದರು. ಅಷ್ಟು ಸಾಕು ಎಂದರು.

ಬಸುರಿ ಹೆಂಗಸರಿಗೆ ಹೆರಿಗೆಗೆ ಮುಂಚೆಯೇ ಬಿಡುವು ಕೊಡಬೇಕೆಂದು ಆಮೇಲೆ ಅವರೇ ಸಭೆಯಲ್ಲಿ ಠರಾವು ತಂದರು. ಸಭೆ ಎಂದರೆ ಸಭೆ. ಆ ಠರಾವು ಪಾಸಾಗುವ ಹೊತ್ತಿಗೆ ಆ ಕೂಸು ಮರಳಿನ ಮೇಲೆ ಓಡುತ್ತಿತ್ತು.

ಗುರುಗಳು ಹೊಸೆದ ಬತ್ತಿಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟರು. ಗುರುಸಿದ್ಧನಿಗೆ ಕತೆ ಹಿಡಿಸಿತ್ತು, ಆದರೆ ಸಮಾಧಾನವಾಗಿರಲಿಲ್ಲ. ಕಪನಯ್ಯನವರಿಗೆ ಕರುಣೆ ಬಂತು, ಸರಿ, ನಿಯಮ ಸಡಿಲವಾಯಿತಲ್ಲ? ನಾನೂ ಹಾಗೆಯೇ ಬಾಗಿಲು ತೆರೆದುಕೊಂಡು ಕೂತರೆ ದಾಸೋಹ ಮುಗಿಯುವುದು ಯಾವಾಗ? ಗಂಟೆಗೆ ಸರಿಯಾಗಿ ಬಾಗಿಲು ಹಾಕಿದ್ದು ನನ್ನ ತಪ್ಪೇ ಎಂದು ಅವನು ಮತ್ತೆ ಕೇಳಿದ.

ಗುರುಗಳು ಆಗ ತಲೆ ಎತ್ತಿ ಅವನ ಮುಖ ನೋಡಿದರು.

“ಬಾಗಿಲು ಹಾಕಿದ್ದನ್ನು ನಾನು ಕೇಳುತ್ತಿಲ್ಲ ಮಗು, ಹಾಕುವ ಮುಂಚೆ ಒಂದು ಸಲ ದಾರಿಯ ಕಡೆ ನೋಡಿದ್ದೆಯಾ?”