ಗಂಜಿ ಕುಡಿದ ಸೀರೆ

ಹುಟ್ಟಲಿರುವ ಮೊಮ್ಮಗುವಿಗೆ ಸುತ್ತಲು ಮೆತ್ತಗಿರಲಿ ಎಂದು ಸಾತಜ್ಜಿ ತನ್ನ ಹಳೇ ನೂಲಿನ ಸೀರೆಯನ್ನು ಎತ್ತಿಟ್ಟಿದ್ದಳು. ಸೀರೆಗೋ ‘ಹಳೇದು’ ಎಂದರೆ ಮೈಯೆಲ್ಲ ಉರಿ. ಒಗೆಯುವ ದಿನ ಅದು ಬೇಕೆಂದೇ ಗಂಜಿಯ ಬೋಗುಣಿಗೆ ಜಾರಿ ಬಿತ್ತು. ಒಣಗಿದಾಗ ಹಪ್ಪಳದ ಹಾಗೆ ಗರಿಗರಿಯಾಗಿತ್ತು.

“ನೋಡಯ್ಯಾ, ಇನ್ನು ಯಾರು ನನ್ನನ್ನು ಹಳೇದು ಅಂತಾರೆ?” ಎಂದು ಅದು ಪಕ್ಕದಲ್ಲಿ ಒಗೆದು ಒಣಹಾಕಿದ್ದ ಸವೆದ ಪಂಚೆಯನ್ನು ಕೇಳಿತು.

“ಯಾರೂ ಅನ್ನಲಾರರು ತಾಯಿ. ನನ್ನನ್ನು ನೆಲ ಒರೆಸೋಕೆ ಇಟ್ಟಿದ್ದಾರೆ, ನನಗ್ಯಾಕೆ ಆ ಚಿಂತೆ?” ಎಂದಿತು ಪಂಚೆ.

ಅಷ್ಟರಲ್ಲಿ ಒಳಕೋಣೆಯಿಂದ ಕೂಸಿನ ಅಳು ಕೇಳಿಸಿತು. ಸಾತಜ್ಜಿ ಓಡಿಬಂದು ಸೀರೆ ಎತ್ತಿ ಕೆನ್ನೆಗೆ ಒತ್ತಿ ನೋಡಿದಳು.

“ಅಯ್ಯಯ್ಯೋ, ಇದು ಹೊಸದರ ಹಾಗಿದೆ! ಕೂಸಿನ ಮೈ ತರಚೀತು,” ಎಂದು ಅದನ್ನು ಬದಿಗೆಸೆದು ಪಂಚೆಯನ್ನು ಎತ್ತಿಕೊಂಡು ಹೋದಳು.

ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಮಾತನ್ನು ಸೀರೆ ಕೊನೆಗೂ ಕೇಳಿತು.