ಪುರಸಭೆಯ ನೆಲ

ಪಕ್ಕದೂರಿನ ಪುರಸಭೆ ಅಧ್ಯಕ್ಷ ಬಸಲಿಂಗಪ್ಪನವರ ಕಚೇರಿಯಲ್ಲಿ ಕನ್ನಡಿಯಂತೆ ಹೊಳೆಯುವ ಟೈಲ್ಸ್ ನೋಡಿ ಬಂದ ದಿನದಿಂದ ನಮ್ಮ ಅಧ್ಯಕ್ಷ ಚನ್ನವೀರಪ್ಪನವರಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಹೊಸ ಕಟ್ಟಡಕ್ಕೆ ಇನ್ನೂ ನೆಲ ಹಾಕಿರಲಿಲ್ಲ.

"ಆ ಬಸಲಿಂಗಪ್ಪನ ನೆಲಕ್ಕಿಂತ ನಮ್ಮದು ಹೆಚ್ಚು ಹೊಳೀಬೇಕು" ಎಂದರು.

ನೆಲ ಒರೆಸುವ ಫಕೀರವ್ವ ಹೇಳಿದಳು: "ಸಾಹೇಬ್ರ, ಮಳಿಗಾಲದಾಗ ಮಂದಿ ಜಾರಿ ಬೀಳ್ತಾರ. ಶಹಾಬಾದ್ ಕಲ್ಲು ಹಾಕಸ್ರಿ, ಮೊಮ್ಮಕ್ಕಳ ಕಾಲಕ್ಕೂ ಇರತೈತಿ."

"ಅವನಿಗೆ ಟೈಲ್ಸು, ನನಗ ಕಲ್ಲೇನು?" ಎಂದು ಅಧ್ಯಕ್ಷರು ಸಿಡುಕಿದರು.

ಫಕೀರವ್ವ ಬೇರೆ ದಾರಿ ಹಿಡಿದಳು. ಅವಳ ತಂಗಿ ಬಸಲಿಂಗಪ್ಪನವರ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದಳು. ಚನ್ನವೀರಪ್ಪನವರಿಗೆ ನೂರು ವರ್ಷ ಬಾಳುವ ಕಲ್ಲು ಬಂದಿದೆ ಎಂದು ತಂಗಿಯಿಂದ ಬಸಲಿಂಗಪ್ಪನವರ ಕಿವಿಗೆ ಹಾಕಿಸಿದಳು. ಬಂದಿದ್ದು ಗುತ್ತಿಗೆದಾರ ಮಾದರಿಗೆಂದು ಬಾಗಿಲಲ್ಲಿಟ್ಟ ಒಂದೇ ಒಂದು ಕಲ್ಲು.

ಮರುದಿನವೇ ಬಸಲಿಂಗಪ್ಪ ಹಾಜರಾದರು. ಕಲ್ಲಿನ ಮೇಲೆ ನಿಂತರು. ಕೂತು ಸವರಿದರು. ನೀರು ಸುರಿದು ನಡೆದು ನೋಡಿದರು.

"ಈ ಕಲ್ಲು ಎಲ್ಲಿ ಸಿಗತೈತಿ ಯವ್ವಾ?" ಎಂದು ಫಕೀರವ್ವನನ್ನು ಮೆಲ್ಲಗೆ ಕೇಳಿದರು.

ಕಿಟಕಿಯಿಂದ ನೋಡುತ್ತಿದ್ದ ಚನ್ನವೀರಪ್ಪ ದಡದಡನೆ ಹೊರಬಂದರು. "ಅದು ನಮ್ಮ ಕಟ್ಟಡಕ್ಕ ಬಂದ ಕಲ್ಲು. ಇವತ್ತ ಕೆಲಸ ಚಾಲೂ ಆಗತೈತಿ" ಎಂದರು.

ಬಸಲಿಂಗಪ್ಪ ಮುಖ ಸಣ್ಣದು ಮಾಡಿಕೊಂಡು ಹೊರಟರು.

"ಹಂಗಾರ ಟೈಲ್ಸ್ ಬ್ಯಾಡೇನ್ರಿ?" ಎಂದು ಫಕೀರವ್ವ ಕೇಳಿದಳು.

"ಬ್ಯಾಡ," ಎಂದರು ಅಧ್ಯಕ್ಷರು. "ಇನ್ನ ಹೊಟ್ಟಿ ಉರಕೊಳ್ಳೋ ಪಾಳಿ ಅವಂದು."